ದನದ ನೋವಿನ ಮದ್ದು, ರಣಹದ್ದಿನ ಮೂತ್ರಪಿಂಡ

ಸತ್ತ ರಣಹದ್ದಿನ ಹೊಟ್ಟೆ ಸೀಳಿ ನೋಡಿದರೆ ಒಳಗೆಲ್ಲ ಸುಣ್ಣ ಬಳಿದ ಹಾಗಿತ್ತು. ಯಕೃತ್ತಿನ ಮೇಲೆ ಬಿಳಿ ಪುಡಿ, ಹೃದಯದ ಪೊರೆಯ ಮೇಲೆ ಬಿಳಿ ಪುಡಿ, ಮೂತ್ರಪಿಂಡದ ಒಳಗೂ ಅದೇ. ಹೊರಗಿನಿಂದ ಹಕ್ಕಿಗೆ ಏನೂ ಆದಂತಿರಲಿಲ್ಲ. ರೆಕ್ಕೆ ಮುರಿದಿರಲಿಲ್ಲ, ಗುಂಡೇಟಿನ ಗುರುತಿರಲಿಲ್ಲ, ಹಸಿವಿನಿಂದ ಸೊರಗಿದ ಮೈಯೂ ಅಲ್ಲ. 2000ದಿಂದ 2003ರವರೆಗೆ ಪಾಕಿಸ್ತಾನದ ಪಂಜಾಬ್ ಪ್ರಾಂತ್ಯದಲ್ಲಿ ಹೀಗೆ ಪರೀಕ್ಷೆ ಮಾಡಿದ 259 ರಣಹದ್ದುಗಳಲ್ಲಿ 219ರ ಒಳಗೆ ಈ ಬಿಳಿ ಪುಡಿ ಸಿಕ್ಕಿತು.

ಆ ಪುಡಿ ಯೂರಿಕ್ ಆಮ್ಲದ ಹರಳು. ನಮ್ಮ ಮೈಯ ಸಾರಜನಕದ ಕಸ ಯೂರಿಯಾ ಆಗಿ ಮೂತ್ರದಲ್ಲಿ ಹೋಗುತ್ತದೆ. ಹಕ್ಕಿಗಳಲ್ಲಿ ಅದು ಯೂರಿಕ್ ಆಮ್ಲವಾಗಿ ಹೊರಬೀಳುತ್ತದೆ. ಹಿಕ್ಕೆಯಲ್ಲಿ ಕಾಣುವ ಬಿಳಿ ಭಾಗ ಅದೇ. ಮೂತ್ರಪಿಂಡ ಕೆಲಸ ನಿಲ್ಲಿಸಿದರೆ ಈ ಆಮ್ಲ ರಕ್ತದಲ್ಲಿ ಏರುತ್ತಾ ಹೋಗಿ, ಕೊನೆಗೆ ಒಳಗಿನ ಅಂಗಗಳ ಮೇಲೆಲ್ಲ ಹರಳುಗಟ್ಟಿ ಕೂರುತ್ತದೆ. ಪಶುವೈದ್ಯರು ಇದನ್ನು ವಿಸರಲ್ ಗೌಟ್ ಅನ್ನುತ್ತಾರೆ. ಅಂದರೆ ಹಕ್ಕಿಗಳು ಮೂತ್ರಪಿಂಡ ಕೆಟ್ಟು ಸಾಯುತ್ತಿದ್ದವು. ಕೆಡಿಸಿದ್ದು ಯಾವುದು ಅನ್ನುವುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ಪರಿಸರಕ್ಕೆ ಸೇರುವ ವಿಷ ಅಂದ ಕೂಡಲೇ ನಮಗೆ ನೆನಪಾಗುವುದು ಕಾರ್ಖಾನೆಯ ಕೊಳವೆ, ಬೆಳ್ಳಂದೂರು ಕೆರೆಯ ನೊರೆ, ತೋಟಕ್ಕೆ ಹೊಡೆಯುವ ಕೀಟನಾಶಕ. ಭಾರತ ಉಪಖಂಡದ ರಣಹದ್ದುಗಳನ್ನು ಹತ್ತು ಹದಿನೈದು ವರ್ಷಗಳಲ್ಲಿ ಅಳಿವಿನ ಅಂಚಿಗೆ ತಳ್ಳಿದ ವಿಷ ಇವುಗಳಲ್ಲಿ ಯಾವುದೂ ಆಗಿರಲಿಲ್ಲ. ಅದು ಜ್ವರ ಬಂದ, ಕಾಲು ಕುಂಟುವ, ಕೆಚ್ಚಲು ಬಾತ ಹಸುವಿಗೆ ಅಕ್ಕರೆಯಿಂದ ಕೊಡಿಸಿದ ಒಂದು ಇಂಜೆಕ್ಷನ್. ಹಾಗಾಗಿ ಈ ಕಥೆಯಲ್ಲಿ ಬೈಯಲು ಖಳನಾಯಕ ಸುಲಭವಾಗಿ ಸಿಗುವುದಿಲ್ಲ. ಆದರೆ ಕೇಳಲೇಬೇಕಾದ ಒಂದು ಪ್ರಶ್ನೆ ಇದೆ: ಒಂದು ಔಷಧ ಕಾಡಿನ ಜೀವಿಗೆ ವಿಷವೋ ಅಲ್ಲವೋ ಎಂಬುದನ್ನು ಅದು ಅಂಗಡಿಗೆ ಬರುವ ಮೊದಲು ನೋಡಬೇಕೋ, ಹೆಣಗಳು ಬಿದ್ದ ಮೇಲೆ ನೋಡಬೇಕೋ? ನಾವು ಇಲ್ಲಿಯವರೆಗೆ ಮತ್ತೆ ಮತ್ತೆ ಎರಡನೆಯದನ್ನೇ ಆರಿಸಿಕೊಂಡು ಬಂದಿದ್ದೇವೆ.

ಮೊದಲು ಅಪಾಯ ಗುರುತಿಸಿದ್ದು ರಾಜಸ್ಥಾನದ ಭರತ್‌ಪುರದಲ್ಲಿ. ಅಲ್ಲಿನ ಕೇವಲಾದೇವ್ ರಾಷ್ಟ್ರೀಯ ಉದ್ಯಾನದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ವಿಭು ಪ್ರಕಾಶ್ 1980ರ ದಶಕದಲ್ಲಿ ರಣಹದ್ದಿನ ಗೂಡುಗಳನ್ನು ಎಣಿಸಿಟ್ಟಿದ್ದರು. ಆಗ 350ಕ್ಕೂ ಹೆಚ್ಚು ಜೋಡಿಗಳು ಗೂಡು ಕಟ್ಟುತ್ತಿದ್ದವು. ಹತ್ತು ವರ್ಷದ ಮೇಲೆ ಅವರು ಮತ್ತೆ ಎಣಿಸಿದಾಗ ಅರ್ಧಕ್ಕಿಂತ ಕಡಿಮೆ ಇದ್ದವು. ದಶಕ ಮುಗಿಯುವ ಹೊತ್ತಿಗೆ ಅಲ್ಲಿ ಗೂಡೇ ಇರಲಿಲ್ಲ. ಮರಗಳ ಮೇಲೆ ಕೂತ ಹಕ್ಕಿಗಳು ಕತ್ತನ್ನು ಕೆಳಗೆ ಜೋತುಬಿಟ್ಟು ಗಂಟೆಗಟ್ಟಲೆ ಅಲುಗದೆ ಇರುತ್ತಿದ್ದವು. ಕೆಲವು ಹಾಗೆ ಕೂತಲ್ಲಿಂದಲೇ ಉರುಳಿ ಬೀಳುತ್ತಿದ್ದವು. ಕೊಂಬೆಗಳ ನಡುವೆ ಸಿಕ್ಕಿಕೊಂಡ ಹೆಣಗಳೂ ಇದ್ದವು.

ಈ ಕುಸಿತದ ಪ್ರಮಾಣವನ್ನು ಒಂದು ಕ್ಷಣ ನಿಂತು ಯೋಚಿಸಬೇಕು. ಬಿಳಿಬೆನ್ನಿನ ರಣಹದ್ದನ್ನು 1980ರ ದಶಕದಲ್ಲಿ ಜಗತ್ತಿನ ದೊಡ್ಡ ಬೇಟೆಹಕ್ಕಿಗಳಲ್ಲೇ ಬಹುಶಃ ಅತಿ ಹೆಚ್ಚು ಸಂಖ್ಯೆಯಲ್ಲಿರುವುದು ಎಂದು ಹೇಳುತ್ತಿದ್ದರು. 1992ರಿಂದ 2007ರೊಳಗೆ ಭಾರತದಲ್ಲಿ ಅದರ ಸಂಖ್ಯೆ ಶೇ 99.9ರಷ್ಟು ಕುಸಿಯಿತು. ಸಾವಿರ ಇದ್ದಲ್ಲಿ ಒಂದು. ಉದ್ದಕೊಕ್ಕಿನ ರಣಹದ್ದು ಮತ್ತು ಸಪೂರ ಕೊಕ್ಕಿನ ರಣಹದ್ದು ಸೇರಿ ಸುಮಾರು ಶೇ 97ರಷ್ಟು ಹೋದವು. ಕಾಡು ಕಡಿದು, ಬೇಟೆಯಾಡಿ ಪ್ರಾಣಿಗಳನ್ನು ಅಳಿಸಿದ ಉದಾಹರಣೆಗಳು ನಮಗೆ ಗೊತ್ತು. ಇಲ್ಲಿ ಮರ ಇತ್ತು, ಬಂಡೆ ಇತ್ತು, ತಿನ್ನಲು ದನದ ಹೆಣ ಬೇಕಾದಷ್ಟಿತ್ತು. ಹಕ್ಕಿ ಮಾತ್ರ ಇರಲಿಲ್ಲ.

ಸಂಶೋಧಕರ ಮೊದಲ ಅನುಮಾನ ಹೋದದ್ದು ಸೋಂಕಿನ ಕಡೆಗೆ. ಊರಿಂದೂರಿಗೆ, ರಾಜ್ಯದಿಂದ ರಾಜ್ಯಕ್ಕೆ, ಗಡಿ ದಾಟಿ ನೇಪಾಳ ಪಾಕಿಸ್ತಾನಕ್ಕೆ ಸಾವು ಹಬ್ಬಿದ ರೀತಿ ನೋಡಿದರೆ ಯಾವುದೋ ಹೊಸ ವೈರಸ್ ಇರಬೇಕು ಅನ್ನಿಸುವುದು ಸಹಜ. ಎರಡನೆಯ ಅನುಮಾನ ಕೀಟನಾಶಕದ ಮೇಲೆ. ಅದಕ್ಕೂ ಕಾರಣವಿತ್ತು. ಯುರೋಪ್, ಅಮೆರಿಕಗಳಲ್ಲಿ ಪೆರಿಗ್ರಿನ್ ಗಿಡುಗದಂತಹ ಬೇಟೆಹಕ್ಕಿಗಳು ಡಿಡಿಟಿಯಿಂದ ನೆಲಕಚ್ಚಿದ್ದನ್ನು ವಿಜ್ಞಾನ ಆಗಲೇ ಕಂಡಿತ್ತು. ಡಿಡಿಟಿ ಕೊಬ್ಬಿನಲ್ಲಿ ಕೂತು, ಕೀಟದಿಂದ ಸಣ್ಣ ಹಕ್ಕಿಗೆ, ಅಲ್ಲಿಂದ ದೊಡ್ಡ ಹಕ್ಕಿಗೆ ಏರುತ್ತಾ ಹೋಗುತ್ತದೆ. ಕೊನೆಗೆ ಮೊಟ್ಟೆಯ ಚಿಪ್ಪು ಎಷ್ಟು ತೆಳುವಾಗುತ್ತದೆಂದರೆ ಕಾವು ಕೂತ ತಾಯಿಯ ಭಾರಕ್ಕೇ ಒಡೆಯುತ್ತದೆ. ಆ ಪಾಠ ಕಲಿತವರು ರಣಹದ್ದಿನ ಮೈಯಲ್ಲೂ ಅಂಥದ್ದನ್ನೇ ಹುಡುಕಿದರು: ವರ್ಷಾನುಗಟ್ಟಲೆ ಉಳಿಯುವ, ಮೈಯಲ್ಲಿ ಸೇರುತ್ತಾ ಹೋಗುವ ವಿಷ. ಕೀಟನಾಶಕಕ್ಕೆ ಪರೀಕ್ಷೆ ಮಾಡಿದರು, ಸೀಸ ಮುಂತಾದ ಲೋಹಗಳಿಗೆ ಮಾಡಿದರು, ವೈರಸ್ಸು ಬ್ಯಾಕ್ಟೀರಿಯಾಗಳಿಗೆ ಮಾಡಿದರು. ಸಾವನ್ನು ವಿವರಿಸುವಂಥದ್ದು ಏನೂ ಸಿಗಲಿಲ್ಲ.

ಪಾಕಿಸ್ತಾನದಲ್ಲಿ ಕೆಲಸ ಮಾಡುತ್ತಿದ್ದ ತಂಡದಲ್ಲಿ ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದ ಪಶುವೈದ್ಯ ವಿಜ್ಞಾನಿ ಲಿಂಡ್ಸೆ ಓಕ್ಸ್ ಇದ್ದರು. ಎಲ್ಲ ಪರೀಕ್ಷೆಯೂ ಖಾಲಿ ಬಂದ ಮೇಲೆ ತಂಡ ಬೇರೆ ದಿಕ್ಕಿನಿಂದ ಯೋಚಿಸಿತು. ಈ ಹಕ್ಕಿ ತಿನ್ನುವುದೇನು? ಸತ್ತ ದನ, ಎಮ್ಮೆ. ಆ ದನ ಸಾಯುವ ಮೊದಲು ಅದಕ್ಕೆ ಏನು ಕೊಟ್ಟಿರುತ್ತಾರೆ? ಅದರಲ್ಲಿ ಯಾವುದು ಹೊಟ್ಟೆಯ ಮೂಲಕ ರಕ್ತಕ್ಕೆ ಸೇರುತ್ತದೆ, ಯಾವುದಕ್ಕೆ ಮೂತ್ರಪಿಂಡ ಕೆಡಿಸುವ ಗುಣ ಇದೆ? ಈ ಪ್ರಶ್ನೆಗಳನ್ನು ಹಿಡಿದುಕೊಂಡು ಪಶುವೈದ್ಯರನ್ನೂ ಔಷಧಿ ಅಂಗಡಿಯವರನ್ನೂ ಕೇಳುತ್ತಾ ಹೋದಾಗ ಒಂದು ಹೆಸರು ಉಳಿಯಿತು: ಡೈಕ್ಲೊಫೆನಾಕ್. ಸೊಂಟ ಉಳುಕಿದರೆ, ಮೊಣಕಾಲು ನೋವಾದರೆ ನಾವೂ ನುಂಗುವ ಮಾತ್ರೆ, ಹಚ್ಚಿಕೊಳ್ಳುವ ಜೆಲ್.

ಸತ್ತ ಹಕ್ಕಿಗಳ ಮೂತ್ರಪಿಂಡದ ತುಣುಕುಗಳನ್ನು ಈ ಔಷಧಕ್ಕಾಗಿ ಪರೀಕ್ಷಿಸಿದರು. ಬಿಳಿ ಪುಡಿ ಕಂಡಿದ್ದ 25 ಹಕ್ಕಿಗಳಲ್ಲಿ ಇಪ್ಪತ್ತೈದರಲ್ಲೂ ಡೈಕ್ಲೊಫೆನಾಕ್ ಇತ್ತು. ಬೇರೆ ಕಾರಣದಿಂದ ಸತ್ತಿದ್ದ 13 ಹಕ್ಕಿಗಳಲ್ಲಿ ಒಂದರಲ್ಲೂ ಇರಲಿಲ್ಲ. ವನ್ಯಜೀವಿಗಳ ಸಾವಿನ ಸಂಶೋಧನೆಯಲ್ಲಿ ಇಷ್ಟು ನಿಚ್ಚಳವಾದ ಉತ್ತರ ಸಿಗುವುದು ಅಪರೂಪ. ಸಾಮಾನ್ಯವಾಗಿ ಹತ್ತು ಕಾರಣಗಳು ಒಂದರೊಳಗೊಂದು ಹೆಣೆದುಕೊಂಡಿರುತ್ತವೆ, ಯಾವುದು ಎಷ್ಟು ಎಂದು ಬಿಡಿಸಲು ವರ್ಷಗಳೇ ಬೇಕು.

ಆದರೂ ಎರಡು ಸಂಗತಿ ಒಟ್ಟಿಗೆ ಕಂಡ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣ ಎಂದು ಹೇಳಲಾಗದು. ಅದಕ್ಕಾಗಿ ತಂಡ ಮುಂದಿನ ಹೆಜ್ಜೆ ಇಟ್ಟಿತು. ಡೈಕ್ಲೊಫೆನಾಕ್ ಕೊಟ್ಟ ಎಮ್ಮೆ, ಮೇಕೆಗಳ ಮಾಂಸವನ್ನು 20 ರಣಹದ್ದುಗಳಿಗೆ ತಿನ್ನಿಸಿದರು. 13 ಸತ್ತವು. ಕೊಯ್ದು ನೋಡಿದರೆ ಒಳಗೆ ಅದೇ ಸುಣ್ಣದಂಥ ಪುಡಿ. ಅಳಿಯುತ್ತಿರುವ ಹಕ್ಕಿಯನ್ನೇ ಪ್ರಯೋಗಕ್ಕೆ ಕೊಲ್ಲುವುದು ಯಾವ ವಿಜ್ಞಾನಿಗೂ ಹಗುರವಾದ ನಿರ್ಧಾರವಾಗಿರಲಾರದು. ಆ ಹದಿಮೂರು ಹಕ್ಕಿಗಳ ಸಾವಿಲ್ಲದಿದ್ದರೆ ಮುಂದೆ ಯಾವ ಸರ್ಕಾರವೂ ನಿಷೇಧಕ್ಕೆ ಒಪ್ಪುತ್ತಿರಲಿಲ್ಲ ಎಂದು ನನಗನ್ನಿಸುತ್ತದೆ. 2004ರಲ್ಲಿ ಈ ಫಲಿತಾಂಶ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು.

ಡಿಡಿಟಿಗೂ ಇದಕ್ಕೂ ಇರುವ ವ್ಯತ್ಯಾಸವೇ ಈ ವಿಷ ಅಷ್ಟು ಕಾಲ ಕಣ್ಣುತಪ್ಪಿಸಿಕೊಳ್ಳಲು ಕಾರಣ. ಡೈಕ್ಲೊಫೆನಾಕ್ ದನದ ಮೈಯಲ್ಲಿ ಹೆಚ್ಚು ದಿನ ನಿಲ್ಲುವುದಿಲ್ಲ, ಕೆಲವೇ ದಿನಗಳಲ್ಲಿ ಹೊರಹೋಗುತ್ತದೆ. ಮಣ್ಣಿನಲ್ಲಿ ದಶಕಗಟ್ಟಲೆ ಕೂರುವುದಿಲ್ಲ, ಒಂದು ಜೀವಿಯಿಂದ ಇನ್ನೊಂದಕ್ಕೆ ಏರುತ್ತಾ ದಟ್ಟವಾಗುವುದೂ ಇಲ್ಲ. ಇಂಜೆಕ್ಷನ್ ಚುಚ್ಚಿಸಿಕೊಂಡ ಹಸು ಹುಷಾರಾಗಿ ಎದ್ದರೆ ಯಾವ ಅಪಾಯವೂ ಇಲ್ಲ. ಚುಚ್ಚಿದ ಎರಡು ಮೂರು ದಿನದಲ್ಲಿ ಹಸು ಸತ್ತು, ಅದನ್ನು ಬಯಲಿಗೆ ಹಾಕಿ, ರಣಹದ್ದು ಅದನ್ನು ತಿಂದರೆ ಮಾತ್ರ ಅಪಾಯ. ಕೊನೆಯ ಘಳಿಗೆಯಲ್ಲಿ ನರಳುವ ದನಕ್ಕೆ ನೋವಿನ ಇಂಜೆಕ್ಷನ್ ಕೊಡಿಸದ ರೈತ ಯಾರಿದ್ದಾರೆ? ಹಾಗಾಗಿ ಸಾಯುವ ದನಗಳಲ್ಲೇ ಔಷಧ ಇರುವ ಸಂಭವ ಹೆಚ್ಚು.

ಹಕ್ಕಿಗೆ ಬೇಕಾದ ಪ್ರಮಾಣವೂ ಅತಿ ಕಡಿಮೆ. ಒಂದು ಕಿಲೋ ದೇಹತೂಕಕ್ಕೆ ಸುಮಾರು 0.1ರಿಂದ 0.2 ಮಿಲಿಗ್ರಾಂ ಹೋದರೆ ಅರ್ಧದಷ್ಟು ಬಿಳಿಬೆನ್ನಿನ ರಣಹದ್ದುಗಳು ಸಾಯುತ್ತವೆ. ಆದರೆ ಅಮೆರಿಕದ ಟರ್ಕಿ ರಣಹದ್ದಿಗೆ ಇದರ ನೂರು ಪಟ್ಟಿಗೂ ಹೆಚ್ಚು ಕೊಟ್ಟು ನೋಡಿದರು, ಏನೂ ಆಗಲಿಲ್ಲ. ಎರಡೂ ಹೆಣ ತಿನ್ನುವ ಹಕ್ಕಿಗಳು, ಹೆಸರಿನಲ್ಲೂ ರಣಹದ್ದೇ. ವಂಶ ಮಾತ್ರ ಬೇರೆ. ಕೋಳಿಗೆ ಕೊಟ್ಟು ನೋಡಿ, ಇಲಿಗೆ ಕೊಟ್ಟು ನೋಡಿ ಇದು ಸುರಕ್ಷಿತ ಎಂದು ಮುದ್ರೆ ಒತ್ತುವ ನಮ್ಮ ಪದ್ಧತಿಯ ಬುಡವನ್ನೇ ಈ ಒಂದು ಸಂಗತಿ ಅಲುಗಾಡಿಸುತ್ತದೆ. ಮುಂದೆ ರಾಜಸ್ಥಾನದಲ್ಲಿ ಸತ್ತ ಸ್ಟೆಪ್ ಈಗಲ್ ಎಂಬ ವಲಸೆ ಹದ್ದುಗಳಲ್ಲೂ ಡೈಕ್ಲೊಫೆನಾಕ್ ಮತ್ತು ಬಿಳಿ ಪುಡಿ ಎರಡೂ ಸಿಕ್ಕಿದವು. ಅವು ರಣಹದ್ದುಗಳೇ ಅಲ್ಲ.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಒಂದು ಲೆಕ್ಕ. ಕೇಂಬ್ರಿಜ್‌ನ ರೀಸ್ ಗ್ರೀನ್ ಮತ್ತು ಸಂಗಡಿಗರು 2004ರಲ್ಲಿ ಒಂದು ಪ್ರಶ್ನೆ ಹಾಕಿಕೊಂಡರು: ಇಷ್ಟು ವೇಗದ ಕುಸಿತ ಆಗಬೇಕಾದರೆ ರಣಹದ್ದುಗಳಿಗೆ ಸಿಗುವ ಹೆಣಗಳಲ್ಲಿ ಎಷ್ಟು ವಿಷಪೂರಿತವಾಗಿರಬೇಕು? ಅರ್ಧ? ಕಾಲು ಭಾಗ? ಲೆಕ್ಕದಿಂದ ಬಂದ ಉತ್ತರ 760ಕ್ಕೆ ಒಂದರಿಂದ 130ಕ್ಕೆ ಒಂದು. ಶೇಕಡಾ ಒಂದರಷ್ಟೂ ಬೇಕಿಲ್ಲ. ಯಾಕೆಂದರೆ ರಣಹದ್ದು ಒಂಟಿಯಾಗಿ ಉಣ್ಣುವ ಹಕ್ಕಿಯಲ್ಲ. ಒಂದು ಇಳಿಯುವುದನ್ನು ಕಂಡು ಮೈಲಿಗಟ್ಟಲೆ ದೂರದಿಂದ ಹತ್ತಾರು ಬರುತ್ತವೆ, ಒಂದೇ ಹೆಣಕ್ಕೆ ಒಂದೇ ಪಂಕ್ತಿ. ವಿಷದ ಒಂದು ಹೆಣ ಇಡೀ ಪಂಕ್ತಿಯನ್ನೇ ಮುಗಿಸಬಲ್ಲದು. ಅದರ ಮೇಲೆ ರಣಹದ್ದು ಪ್ರೌಢವಾಗಲು ಐದು ವರ್ಷ ಬೇಕು, ಆಮೇಲೂ ವರ್ಷಕ್ಕೆ ಒಂದೇ ಮೊಟ್ಟೆ. ಬಹುಕಾಲ ಬಾಳಿ ನಿಧಾನವಾಗಿ ಮರಿ ಮಾಡುವ ಹಕ್ಕಿಗಳಲ್ಲಿ ದೊಡ್ಡವು ಸಾಯತೊಡಗಿದರೆ ಮರಿಗಳು ಆ ಜಾಗ ತುಂಬುವ ಮಾತೇ ಇಲ್ಲ.

ನಿಜವಾಗಿ ಎಷ್ಟು ಹೆಣಗಳಲ್ಲಿ ಔಷಧ ಇತ್ತು? 2004–05ರಲ್ಲಿ ಭಾರತದ ಹಲವು ರಾಜ್ಯಗಳಲ್ಲಿ ಸತ್ತ ದನಗಳ ಯಕೃತ್ತಿನ 1,848 ಮಾದರಿಗಳನ್ನು ಪರೀಕ್ಷಿಸಿದಾಗ ಶೇ 10.1ರಲ್ಲಿ ಡೈಕ್ಲೊಫೆನಾಕ್ ಸಿಕ್ಕಿತು. ಅವುಗಳಲ್ಲಿ ಎಲ್ಲವೂ ಕೊಲ್ಲುವಷ್ಟು ಪ್ರಮಾಣದಲ್ಲಿರಲಿಲ್ಲ, ಅದನ್ನು ಹೇಳಲೇಬೇಕು. ಆದರೂ ಕುಸಿತವನ್ನು ವಿವರಿಸಲು ಶೇಕಡಾ ಒಂದಕ್ಕಿಂತ ಕಡಿಮೆ ಸಾಕಾಗಿದ್ದಲ್ಲಿ ಹತ್ತರಲ್ಲಿ ಒಂದು ಹೆಣದಲ್ಲಿ ಔಷಧ ಇತ್ತು. ಬೇರೆ ಕಾರಣ ಹುಡುಕುವ ಅಗತ್ಯವೇ ಉಳಿಯಲಿಲ್ಲ.

ಹಳೇ ಮೈಸೂರು ಕಡೆಯ ಹಿರಿಯರನ್ನು ಕೇಳಿದರೆ ಊರಾಚೆ ದನ ಹಾಕುವ ಜಾಗದ ನೆನಪು ಈಗಲೂ ಇರುತ್ತದೆ. ಬೆಳಿಗ್ಗೆ ಎಳೆದು ಹಾಕಿದ ದನ ಮಧ್ಯಾಹ್ನದ ಹೊತ್ತಿಗೆ ಬರೀ ಎಲುಬು. ಗಬ್ಬು ಬರುವ ಮೊದಲೇ ಕೆಲಸ ಮುಗಿದಿರುತ್ತಿತ್ತು. ಆಂಥ್ರಾಕ್ಸ್ ಎಂಬ ನೆರಡಿ ರೋಗದಿಂದ ಸತ್ತ ದನವನ್ನೂ ಅರಗಿಸಿಕೊಳ್ಳುವಷ್ಟು ತೀಕ್ಷ್ಣವಾದ ಆಮ್ಲ ರಣಹದ್ದಿನ ಜಠರದಲ್ಲಿದೆ. ಅಂಥ ಹಕ್ಕಿಗಳು ಹೋದ ಮೇಲೆ ಹೆಣಗಳು ಬಯಲಲ್ಲಿ, ಹಳ್ಳದ ಪಕ್ಕ ಕೊಳೆಯತೊಡಗಿದವು. ಆ ಜಾಗಕ್ಕೆ ನಾಯಿಗಳು ಬಂದವು. ನಾಯಿಯ ಜೊತೆ ರೇಬೀಸ್ ಬಂತು. 1992ರಿಂದ 2006ರವರೆಗೆ ರಣಹದ್ದುಗಳಿಲ್ಲದ ಕಾರಣಕ್ಕೆ ದೇಶದಲ್ಲಿ 50 ಲಕ್ಷಕ್ಕೂ ಹೆಚ್ಚು ನಾಯಿಗಳು ಹೆಚ್ಚಾದವು, ಸುಮಾರು 47,300 ಜನ ರೇಬೀಸ್‌ನಿಂದ ಹೆಚ್ಚುವರಿಯಾಗಿ ಸತ್ತಿರಬಹುದು ಎಂದು 2008ರ ಒಂದು ಅಧ್ಯಯನ ಅಂದಾಜು ಮಾಡಿತು. ಮುಂಬೈಯ ಮಲಬಾರ್ ಹಿಲ್‌ನಲ್ಲಿ ಪಾರ್ಸಿಗಳು ಶತಮಾನಗಳಿಂದ ತಮ್ಮ ಸತ್ತವರನ್ನು ಹಕ್ಕಿಗೆ ಒಪ್ಪಿಸುತ್ತಿದ್ದ ದಖ್ಮಾಗಳಲ್ಲಿ ಸೂರ್ಯನ ಬಿಸಿಲನ್ನು ಕೇಂದ್ರೀಕರಿಸುವ ಕನ್ನಡಿಗಳನ್ನು ಅಳವಡಿಸಬೇಕಾಯಿತು.

ಇದಕ್ಕಿಂತಲೂ ದೊಡ್ಡ ಅಂದಾಜು ಬಂದದ್ದು ಇತ್ತೀಚೆಗೆ. ಅರ್ಥಶಾಸ್ತ್ರಜ್ಞರಾದ ಷಿಕಾಗೊ ವಿಶ್ವವಿದ್ಯಾಲಯದ ಇಯಾಲ್ ಫ್ರ್ಯಾಂಕ್ ಮತ್ತು ವಾರ್ವಿಕ್ ವಿಶ್ವವಿದ್ಯಾಲಯದ ಅನಂತ್ ಸುದರ್ಶನ್ ಜಿಲ್ಲೆಗಳ ಮರಣ ಪ್ರಮಾಣವನ್ನು ತುಲನೆ ಮಾಡಿದರು. ಮೊದಲು ರಣಹದ್ದುಗಳು ಹೇರಳವಾಗಿದ್ದಿರಬಹುದಾದ ಜಿಲ್ಲೆಗಳು ಒಂದು ಕಡೆ, ಅವುಗಳ ವಾಸಕ್ಕೆ ಒಗ್ಗದ ಜಿಲ್ಲೆಗಳು ಇನ್ನೊಂದು ಕಡೆ. 1990ರ ದಶಕದ ನಡುವೆ ಡೈಕ್ಲೊಫೆನಾಕ್‌ನ ಪೇಟೆಂಟ್ ಮುಗಿದು ಬೆಲೆ ಇಳಿದು ದನಗಳಿಗೂ ಬಳಕೆಗೆ ಬರುವವರೆಗೆ ಎರಡೂ ಕಡೆಯ ಮರಣ ಪ್ರಮಾಣ ಒಂದೇ ದಾರಿಯಲ್ಲಿ ಸಾಗಿತ್ತು. ಆಮೇಲೆ ರಣಹದ್ದು ಕಳೆದುಕೊಂಡ ಜಿಲ್ಲೆಗಳಲ್ಲಿ ಜನರ ಸಾವು ಶೇ 4ಕ್ಕೂ ಹೆಚ್ಚು ಏರಿತು. 2000ದಿಂದ 2005ರವರೆಗೆ ಸುಮಾರು 5 ಲಕ್ಷ ಹೆಚ್ಚುವರಿ ಸಾವು ಎಂದು ಅವರ ಲೆಕ್ಕ. ಆ ಜಿಲ್ಲೆಗಳಲ್ಲಿ ಹುಚ್ಚುನಾಯಿ ಲಸಿಕೆಯ ಮಾರಾಟ ಏರಿತ್ತು, ನೀರು ಕೆಟ್ಟಿತ್ತು. ಇದು ಅಂದಾಜು, ಒಬ್ಬೊಬ್ಬರ ಹೆಸರು ಹಿಡಿದು ಈತ ರಣಹದ್ದಿಲ್ಲದ್ದಕ್ಕೆ ಸತ್ತ ಎನ್ನಲು ಬರುವುದಿಲ್ಲ. ಅರ್ಧ ಭಾಗ ಕಳೆದರೂ ಉಳಿಯುವ ಸಂಖ್ಯೆ ಸಣ್ಣದಲ್ಲ. ಹಕ್ಕಿ ಉಳಿಸುವುದು ಹೊಟ್ಟೆ ತುಂಬಿದವರ ಹವ್ಯಾಸ ಎನ್ನುವವರ ಮುಂದೆ ನಾನು ಇಡುವುದು ಈ ಅಧ್ಯಯನವನ್ನೇ.

ಭಾರತ 2006ರ ಮೇ ತಿಂಗಳಲ್ಲಿ ದನಗಳ ಡೈಕ್ಲೊಫೆನಾಕ್ ತಯಾರಿಕೆ ನಿಲ್ಲಿಸಲು ಆದೇಶಿಸಿತು. ನೇಪಾಳ, ಪಾಕಿಸ್ತಾನಗಳೂ ಅದೇ ಆಸುಪಾಸಿನಲ್ಲಿ ನಿಷೇಧಿಸಿದವು, ಬಾಂಗ್ಲಾದೇಶ 2010ರಲ್ಲಿ. ಸಾಕ್ಷ್ಯ ಪ್ರಕಟವಾದ ಎರಡೇ ವರ್ಷದಲ್ಲಿ ಇಷ್ಟಾದದ್ದು ಮೆಚ್ಚಬೇಕಾದ ಮಾತು. ಅದಕ್ಕೆ ಮುಖ್ಯ ಕಾರಣ ಬದಲಿ ಮದ್ದು ಕೈಯಲ್ಲಿದ್ದುದು. ಮೆಲಾಕ್ಸಿಕ್ಯಾಮ್ ಎಂಬ ನೋವುನಿವಾರಕವನ್ನು ಮೊದಲು ದಕ್ಷಿಣ ಆಫ್ರಿಕಾದಲ್ಲಿ ಅಲ್ಲಿನ ಹತ್ತಿರದ ಸಂಬಂಧಿ ಹಕ್ಕಿಗಳಿಗೆ ಕೊಟ್ಟು, ಏನೂ ಆಗದ್ದನ್ನು ಖಾತ್ರಿಪಡಿಸಿಕೊಂಡು, ಆಮೇಲೆ ಭಾರತದ ರಣಹದ್ದುಗಳಿಗೆ ಕೊಟ್ಟು ನೋಡಿದರು. ಒಂದೂ ಸಾಯಲಿಲ್ಲ. ಹೀಗೆ ಎಚ್ಚರಿಕೆಯಿಂದ, ಮೊದಲೇ, ಹಂತ ಹಂತವಾಗಿ ಪರೀಕ್ಷೆ ಮಾಡಬಹುದು ಎಂಬುದಕ್ಕೆ ಮೆಲಾಕ್ಸಿಕ್ಯಾಮ್ ಪುರಾವೆ.

ನಿಷೇಧ ಬಂತು, ಔಷಧ ಹೋಗಲಿಲ್ಲ. ದನದ್ದು ನಿಂತಿತು, ಮನುಷ್ಯರದ್ದು ಇತ್ತಲ್ಲ. ಮನುಷ್ಯನಿಗೆ ಒಂದು ಬಾರಿಗೆ ಬೇಕಾದದ್ದು 3 ಮಿಲಿಲೀಟರ್. ಅಂಗಡಿಯಲ್ಲಿ ಸಿಗುತ್ತಿದ್ದದ್ದು 30 ಮಿಲಿಲೀಟರ್‌ನ ಬಾಟಲಿ. ಹತ್ತು ಜನರ ಡೋಸನ್ನು ಒಬ್ಬನೇ ರೋಗಿಗೆ ಯಾರೂ ಕೊಡುವುದಿಲ್ಲ. ಆ ಬಾಟಲಿ ಒಂದು ಹಸುವಿಗೆ ಸರಿಹೊಂದುವ ಅಳತೆಯದ್ದು. ಇದನ್ನು ತಡೆಯಲು 2015ರಲ್ಲಿ ಮನುಷ್ಯರ ಇಂಜೆಕ್ಷನ್ 3 ಮಿಲಿಲೀಟರ್‌ನ ಒಂದೇ ಡೋಸಿನಲ್ಲಿ ಮಾತ್ರ ಬರಬೇಕು ಎಂದು ಕೇಂದ್ರ ಸರ್ಕಾರ ನಿಯಮ ಮಾಡಿತು. ಕಂಪನಿಗಳು ಕೋರ್ಟಿಗೆ ಹೋದವು, ನಿಯಮ ಉಳಿಯಿತು. ಕಾಗದದ ಆದೇಶಕ್ಕಿಂತ ಬಾಟಲಿಯ ಗಾತ್ರ ಕಡಿಮೆ ಮಾಡಿದ್ದೇ ಹೆಚ್ಚು ಜಾಣ ನಡೆ ಅಂತ ನನ್ನ ಅಭಿಪ್ರಾಯ. ಪ್ರತಿ ಅಂಗಡಿಗೂ ಇನ್‌ಸ್ಪೆಕ್ಟರ್ ಹೋಗಲಾರರು. ಹತ್ತು ಸಣ್ಣ ಶೀಶೆ ಒಡೆದು ಹಸುವಿಗೆ ಚುಚ್ಚುವ ತಾಪತ್ರಯ ಮಾತ್ರ ಎಲ್ಲ ಊರಿನಲ್ಲೂ ಒಂದೇ.

ಇನ್ನೊಂದು ತೊಡಕು ಇದಕ್ಕಿಂತ ಆಳದ್ದು. ಡೈಕ್ಲೊಫೆನಾಕ್ ಸರಿದ ಜಾಗಕ್ಕೆ ಮೆಲಾಕ್ಸಿಕ್ಯಾಮ್ ಒಂದೇ ಬರಲಿಲ್ಲ. ಅದೇ ಕುಟುಂಬದ ಬೇರೆ ಬೇರೆ ನೋವುನಿವಾರಕಗಳು ಬಂದವು, ಯಾವುದನ್ನೂ ರಣಹದ್ದಿನ ಮೇಲೆ ಯಾರೂ ಪರೀಕ್ಷಿಸಿರಲಿಲ್ಲ. ಕೀಟೊಪ್ರೊಫೆನ್ ಕೊಲ್ಲುತ್ತದೆ ಎಂದು ದಕ್ಷಿಣ ಆಫ್ರಿಕಾದ ಪ್ರಯೋಗಗಳಿಂದ 2000ರ ದಶಕ ಮುಗಿಯುವ ಹೊತ್ತಿಗೇ ಗೊತ್ತಾಗಿತ್ತು. ಅಸಿಕ್ಲೊಫೆನಾಕ್ ಅಂತೂ ದನದ ಮೈಯೊಳಗೆ ಹೋದ ಕೂಡಲೇ ಡೈಕ್ಲೊಫೆನಾಕ್ ಆಗಿ ಬದಲಾಗುತ್ತದೆ. ಹೆಸರು ಬೇರೆ, ಹೆಣದಲ್ಲಿ ಸಿಗುವ ವಿಷ ಅದೇ. ಹಸುಗಳ ಮೇಲೆ ನಡೆಸಿ ಇದನ್ನು ತೋರಿಸಿದ ಪ್ರಯೋಗ 2016ರಲ್ಲಿ ಪ್ರಕಟವಾಯಿತು. ಭಾರತ ಈ ಎರಡನ್ನೂ ದನಗಳಿಗೆ ನಿಷೇಧಿಸಿದ್ದು 2023ರ ಜುಲೈ ಕೊನೆಯಲ್ಲಿ. ನಿಮೆಸುಲೈಡ್‌ನದ್ದೂ ಇದೇ ಕಥೆ. ಗುಜರಾತಿನಲ್ಲಿ ಸತ್ತ ಬಿಳಿಬೆನ್ನಿನ ರಣಹದ್ದುಗಳ ಮೈಯಲ್ಲಿ ಅದು ಸಿಕ್ಕಿತು, ಜೊತೆಗೆ ಒಳಗೆ ಬಿಳಿ ಪುಡಿಯೂ. ನಿಷೇಧ ಬಂದದ್ದು 2024ರ ಡಿಸೆಂಬರ್ 30ರಂದು.

ಮೊದಲ ಔಷಧಕ್ಕೆ ಎರಡು ವರ್ಷ. ಎರಡನೆಯದಕ್ಕೆ ಹದಿಮೂರು ಹದಿನಾಲ್ಕು. ಹಕ್ಕಿಗಳು ಕಡಿಮೆಯಾದಷ್ಟೂ ನಮ್ಮ ಅವಸರವೂ ಕಡಿಮೆಯಾದಂತಿದೆ. ಇಲ್ಲಿ ಒಂದು ಕ್ರೂರ ಸುಳಿ ಇದೆ: ಕೋಟಿಗಟ್ಟಲೆ ಇದ್ದಾಗ ಸತ್ತರೆ ರಾಶಿ ಹೆಣ ಸಿಗುತ್ತಿತ್ತು, ಸಾಕ್ಷ್ಯ ಸಿಗುತ್ತಿತ್ತು. ಈಗ ಬೆರಳೆಣಿಕೆಯಷ್ಟು ಉಳಿದಲ್ಲಿ ಒಂದು ಹಕ್ಕಿ ಕಾಡಿನ ಯಾವುದೋ ಮೂಲೆಯಲ್ಲಿ ಸತ್ತರೆ ಹೆಣವೂ ಸಿಗುವುದಿಲ್ಲ, ಸಾಕ್ಷ್ಯವೂ ಹುಟ್ಟುವುದಿಲ್ಲ. ಸತ್ತು ತೋರಿಸಿದರೆ ಮಾತ್ರ ನಂಬುತ್ತೇವೆ ಎನ್ನುವ ಕಾನೂನಿಗೆ ತೋರಿಸಲು ಇನ್ನು ಹಕ್ಕಿಗಳೇ ಉಳಿದಿಲ್ಲ.

ಕೇಂದ್ರ ಪರಿಸರ ಸಚಿವಾಲಯದ 2020–25ರ ರಣಹದ್ದು ಸಂರಕ್ಷಣಾ ಕ್ರಿಯಾಯೋಜನೆ ಈ ವಿಳಂಬವನ್ನು ಗುರುತಿಸಿತ್ತು. ಒಂದು ಔಷಧ ರಣಹದ್ದಿಗೆ ವಿಷ ಎಂದು ಸಾಬೀತಾದರೆ ಅದು ತಾನಾಗಿಯೇ ದನಗಳ ಬಳಕೆಯಿಂದ ಹೊರಹೋಗುವ ವ್ಯವಸ್ಥೆ ಬೇಕು ಎಂದು ಅದರಲ್ಲಿ ಹೇಳಿತ್ತು. ಒಳ್ಳೆಯದೇ. ಆದರೆ ಅದೂ ಸಾಬೀತಾದ ಮೇಲಿನ ಮಾತು. ದನಗಳಿಗೆ ಹೊಸ ನೋವುನಿವಾರಕಕ್ಕೆ ಪರವಾನಗಿ ಕೇಳುವ ಕಂಪನಿಯೇ ಮೊದಲು ಅದರ ಸುರಕ್ಷತೆಯನ್ನು ತೋರಿಸಬೇಕು, ಖರ್ಚೂ ಅದರದ್ದೇ ಆಗಬೇಕು. ಅದು ಅಸಾಧ್ಯವಲ್ಲ ಎಂದು ಮೆಲಾಕ್ಸಿಕ್ಯಾಮ್ ತೋರಿಸಿದೆ, ಆಮೇಲೆ ಟೊಲ್ಫೆನಾಮಿಕ್ ಆಮ್ಲವೂ ತೋರಿಸಿದೆ. ಸುರಕ್ಷಿತ ಎಂದು ಪರೀಕ್ಷೆಯಲ್ಲಿ ಗೆದ್ದ ಎರಡು ಮದ್ದು ಇರುವಾಗ ಮೂರನೆಯದನ್ನು ಕುರುಡಾಗಿ ಒಳಬಿಡುವ ತುರ್ತು ಯಾರಿಗಿದೆ?

ಇದು ಬಡ ದೇಶಗಳ ಅಜ್ಞಾನದ ಕಥೆ ಎಂದುಕೊಳ್ಳುವವರು ಸ್ಪೇನ್ ಕಡೆ ನೋಡಬೇಕು. ನಮ್ಮಲ್ಲಿ ನಡೆದದ್ದೆಲ್ಲ ಜಗತ್ತಿಗೆ ಗೊತ್ತಾದ ಮೇಲೆ, 2013ರಲ್ಲಿ, ಯುರೋಪಿನ ಬಹುಪಾಲು ರಣಹದ್ದುಗಳು ಇರುವ ಆ ದೇಶ ದನಗಳಿಗೆ ಡೈಕ್ಲೊಫೆನಾಕ್ ಬಳಕೆಗೆ ಅನುಮತಿ ಕೊಟ್ಟಿತು. ತಮ್ಮಲ್ಲಿ ಹೆಣಗಳ ವಿಲೇವಾರಿಗೆ ಕಟ್ಟುನಿಟ್ಟಿನ ನಿಯಮ ಇದೆ, ಹಾಗಾಗಿ ಅಪಾಯವಿಲ್ಲ ಎಂಬುದು ಸ್ಪೇನಿನ ವಾದ. 2020ರಲ್ಲಿ ಕ್ಯಾಟಲೋನಿಯಾದಲ್ಲಿ ಎಳೆಯ ರಣಹದ್ದೊಂದು ಸತ್ತಿತು, ಅದರ ಮೈಯಲ್ಲಿ ಡೈಕ್ಲೊಫೆನಾಕ್ ಇತ್ತು. ಫ್ಲುನಿಕ್ಸಿನ್ ಎಂಬ ಇನ್ನೊಂದು ನೋವುನಿವಾರಕದಿಂದ ಸತ್ತ ರಣಹದ್ದೂ ಅದಕ್ಕೆ ಮೊದಲೇ ಸ್ಪೇನಿನಲ್ಲೇ ಸಿಕ್ಕಿತ್ತು.

ನಮ್ಮ ಕಡೆ ಉಳಿದಿರುವುದು ಎಷ್ಟು? ರಾಮನಗರದ ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದು ಧಾಮ ಎಂದು ಸರ್ಕಾರ ಘೋಷಿಸಿತು, ಸುಮಾರು 346 ಹೆಕ್ಟೇರ್. ದೇಶದಲ್ಲೇ ಮೊದಲನೆಯದು. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಹೋಗುವವರಿಗೆಲ್ಲ ಆ ಬಂಡೆಗಳು ಕಾಣುತ್ತವೆ. ಅದರ ಕಡಿದಾದ ಮೈಯಲ್ಲಿ ಹಿಕ್ಕೆಯ ಬಿಳಿ ಪಟ್ಟೆ ಇಳಿದ ಕಡೆ ಉದ್ದಕೊಕ್ಕಿನ ರಣಹದ್ದು ಕೂರುವ ಅಂಚು ಇದೆ ಎಂದು ತಿಳಿಯಬೇಕು. ಈಗ ಅಲ್ಲಿ ಉಳಿದಿರುವ ರಣಹದ್ದುಗಳು ಬೆರಳೆಣಿಕೆಯಷ್ಟು. ಬೆಟ್ಟಕ್ಕೆ ಬೇಲಿ ಹಾಕಬಹುದು, ಚಾರಣಿಗರನ್ನು ತಡೆಯಬಹುದು. ರಣಹದ್ದು ಊಟಕ್ಕೆ ಹೋಗುವುದು ಬೇಲಿಯಿಂದ ಹತ್ತಾರು ಮೈಲಿ ಆಚೆ, ಡೇರಿಗೆ ಹಾಲು ಹಾಕುವ ಮನೆಗಳ ಸೀಮೆಹಸು ಸತ್ತು ಬಿದ್ದಲ್ಲಿಗೆ. 346 ಹೆಕ್ಟೇರ್ ಅದಕ್ಕೆ ಮಲಗುವ ಕೋಣೆ ಮಾತ್ರ.

ಬಂಡೀಪುರ, ನಾಗರಹೊಳೆ, ಬಿಳಿಗಿರಿರಂಗನ ಬೆಟ್ಟ, ಆಚೆಗೆ ಮುದುಮಲೆ, ಸತ್ಯಮಂಗಲ, ವಯನಾಡು ಸೇರಿದ ಕಾಡಿನಲ್ಲಿ ಪರಿಸ್ಥಿತಿ ಸ್ವಲ್ಪ ವಾಸಿ. ಕರ್ನಾಟಕ, ತಮಿಳುನಾಡು, ಕೇರಳ ಅರಣ್ಯ ಇಲಾಖೆಗಳು 2023ರ ಫೆಬ್ರುವರಿಯಲ್ಲಿ ಒಟ್ಟಿಗೆ ಎಣಿಸಿದಾಗ 246 ರಣಹದ್ದು ಸಿಕ್ಕವು, ಅದೇ ವರ್ಷದ ಡಿಸೆಂಬರ್‌ನಲ್ಲಿ 320. ಹತ್ತು ತಿಂಗಳಲ್ಲಿ ಅಷ್ಟು ಮರಿ ಮಾಡಿದವು ಎಂದು ಹಿಗ್ಗಬಾರದು. ವರ್ಷಕ್ಕೊಂದು ಮೊಟ್ಟೆ ಇಡುವ ಹಕ್ಕಿ ಅದು; ಎಣಿಸಿದ ಜಾಗ, ಋತು, ಕಣ್ಣುಗಳ ಸಂಖ್ಯೆ ಬದಲಾದರೂ ಲೆಕ್ಕ ಏರುತ್ತದೆ. ಅಲ್ಲಿ ಅವು ಉಳಿಯಲು ಕಾರಣ ಹುಲಿ, ಸೀಳುನಾಯಿ. ಅವು ಬಿಟ್ಟುಹೋದ ಕಡವೆ, ಜಿಂಕೆಯ ಮಾಂಸದಲ್ಲಿ ಯಾರೂ ಇಂಜೆಕ್ಷನ್ ಚುಚ್ಚಿರುವುದಿಲ್ಲ. ಆದರೆ ಕಾಡಂಚಿನಲ್ಲಿ ಬೇರೆಯೇ ಅಪಾಯವಿದೆ. ಹಸುವನ್ನು ಹುಲಿ ಹಿಡಿದಾಗ ಸಿಟ್ಟಿನಲ್ಲಿ ಆ ಹೆಣಕ್ಕೆ ಕೀಟನಾಶಕ ಸುರಿಯುವುದುಂಟು. ಹುಲಿ ಮರಳಿ ಬರುತ್ತದೋ ಇಲ್ಲವೋ, ರಣಹದ್ದು ಬರುತ್ತದೆ. ಸತ್ತ ಹಸುವಿನ ಪರಿಹಾರ ತಡವಿಲ್ಲದೆ ಕೈಗೆ ಬಂದರೆ ಅರ್ಧ ವಿಷ ಅಲ್ಲಿಗೇ ನಿಲ್ಲುತ್ತದೆ. ಅದು ಪಕ್ಷಿವಿಜ್ಞಾನದ ಕೆಲಸವಲ್ಲ, ಕಚೇರಿಯ ಕಡತದ ಕೆಲಸ.

ಹರಿಯಾಣದ ಪಿಂಜೋರ್‌ನಲ್ಲಿ ಜಟಾಯುವಿನ ಹೆಸರಿನ ಸಂತಾನಾಭಿವೃದ್ಧಿ ಕೇಂದ್ರವಿದೆ. ಅಲ್ಲಿ ಹುಟ್ಟಿದ ಹಕ್ಕಿಗಳನ್ನು ಈಗ ಬೆನ್ನಿಗೆ ಟ್ರ್ಯಾನ್ಸ್‌ಮಿಟರ್ ಕಟ್ಟಿ ಹೊರಗೆ ಬಿಡುತ್ತಿದ್ದಾರೆ. ಎಲ್ಲಿ ಹಾರಿದವು, ಎಲ್ಲಿ ಉಂಡವು, ಒಂದೇ ಜಾಗದಲ್ಲಿ ಅಲುಗದೆ ಎಷ್ಟು ಹೊತ್ತು ಕೂತವು ಎಂಬುದೆಲ್ಲ ತಿಳಿಯುತ್ತದೆ. ಅಲುಗದೆ ಕೂತರೆ ಜನ ಹುಡುಕಿಕೊಂಡು ಹೋಗುತ್ತಾರೆ. ಹೆಣ ಸಿಕ್ಕರೆ ಮೂತ್ರಪಿಂಡದ ತುಣುಕು ಪ್ರಯೋಗಾಲಯಕ್ಕೆ ಹೋಗುತ್ತದೆ, ಮತ್ತೆ ಅದೇ ಬಿಳಿ ಪುಡಿಯ ಹುಡುಕಾಟ.

ಹಸು ಎಮ್ಮೆ ಸಾಕಿರುವವರು ಇದನ್ನು ಓದುತ್ತಿದ್ದರೆ ಒಂದು ಮಾತು. ಡಾಕ್ಟರು ಊತಕ್ಕೋ ಜ್ವರಕ್ಕೋ ಇಂಜೆಕ್ಷನ್ ಬರೆದಾಗ ಮೆಲಾಕ್ಸಿಕ್ಯಾಮ್ ಆಗುತ್ತದಾ ಸಾರ್ ಎಂದು ಕೇಳಿ. ನಿಧಾನಕ್ಕೆ ಕೆಲಸ ಮಾಡುತ್ತದೆ ಎಂಬ ದೂರು ಕೆಲವು ಕಡೆ ಇದೆ. ಆ ದೂರನ್ನೂ ಡಾಕ್ಟರ ಮುಂದೆಯೇ ಹೇಳಿ, ಡೋಸ್ ಅವರೇ ನೋಡಿಕೊಳ್ಳುತ್ತಾರೆ. ಮೆಡಿಕಲ್ ಅಂಗಡಿಯವನು ಕೊಟ್ಟದ್ದನ್ನು ತಂದು ಚುಚ್ಚಿಸಬೇಡಿ. ನೋವಿನ ಇಂಜೆಕ್ಷನ್ ಆದ ವಾರದೊಳಗೆ ದನ ಸತ್ತರೆ, ಯಾವ ಮದ್ದು ಎಂದು ಖಾತ್ರಿ ಇಲ್ಲದಿದ್ದರೆ, ಬಯಲಿಗೆ ಎಳೆಸದೆ ಆಳವಾಗಿ ಗುಂಡಿ ತೆಗೆಸಿ ಹೂಳಿಸಿ.